ಬಾರದವನ ಚಾವಡಿ

ಕಲ್ಲುಗೋನಾಳದ ಅಗಸೆ ಬಾಗಿಲು ದಾಟಿ ಎಡಕ್ಕೆ ಹೊರಳಿದರೆ ಹನ್ನೆರಡು ಕಂಬಗಳ ಕಲ್ಲಿನ ಚಾವಡಿಯೊಂದು ಕಾಣುತ್ತದೆ. ಊರಿನ ಪಂಚಾಯಿತಿ, ಮದುವೆಯ ಮಾತುಕತೆ, ಎರಡು ಹೊತ್ತು ಉಂಡವರ ಹರಟೆ ಎಲ್ಲ ನಡೆಯುವುದು ಇಲ್ಲಿಯೇ. ಎಷ್ಟೇ ಜನ ಸೇರಲಿ, ಈಶಾನ್ಯದ ಮೂಲೆಯಲ್ಲಿ ಮಾತ್ರ ಯಾರೂ ಕೂರುವುದಿಲ್ಲ. ಹೊರಗಿನವರು ಬಾರದವನ ಚಾವಡಿ ಎಂಬ ಹೆಸರು ಕೇಳಿ, ಕರೆದರೂ ಸಭೆಗೆ ಬಾರದ ಯಾವನೋ ಸೋಮಾರಿಯ ಹೆಸರಿರಬೇಕು ಎಂದು ನಗುತ್ತಾರೆ. ನಮ್ಮೂರಲ್ಲಿ ಸೋಮಾರಿಗಳಿಗೇನೂ ಬರವಿಲ್ಲ. ಆದರೆ ಈ ಚಾವಡಿಗೆ ಬಾರದೆ ಹೋದವನು ಊರಿನ ಎಲ್ಲರಿಗಿಂತ ಹೆಚ್ಚು ದುಡಿದವನು.

ಹಿಂದೆ ಒಮ್ಮೆ ಊರಿನವರೆಲ್ಲ ಸೇರಿ, ಕೂಡಲು ನಮ್ಮದೇ ಒಂದು ನೆರಳು ಬೇಕು, ಕೂಲಿ ಇಲ್ಲದೆ ನಮ್ಮ ಕೈಯಿಂದಲೇ ಕಟ್ಟೋಣ ಎಂದು ತೀರ್ಮಾನಿಸಿದರಂತೆ. ಮನೆಗೊಬ್ಬರು ಬರಬೇಕು ಎಂದಾಯಿತು. ಕಲ್ಲಿನ ಕೆಲಸ ಬಲ್ಲ ಮಲ್ಲಭೋವಿಯನ್ನು ಪಕ್ಕದ ಊರಿನಿಂದ ಕರೆಸಿದರು. ಆ ಕಾಲದ ರೀತಿಯೇ ಬೇರೆ. ಕಂಬ ನಿಲ್ಲಿಸಿ, ಸುತ್ತ ಗೋಡೆ ಎಬ್ಬಿಸಿ, ತೊಲೆಯ ಮಟ್ಟದ ತನಕ ಒಳಗೆಲ್ಲ ಮಣ್ಣು ತುಂಬಿ, ಆ ದಿಬ್ಬದ ಮೇಲೆ ಚಪ್ಪಡಿಗಳನ್ನು ಎಳೆದು ತಂದು ಹಾಸಬೇಕು. ಆಮೇಲೆ ಚಪ್ಪಡಿಗಳಿಗೆ ಮರದ ಆಸರೆ ಕೊಡುತ್ತ ಬುಟ್ಟಿ ಬುಟ್ಟಿಯಾಗಿ ಮಣ್ಣು ಹೊರಕ್ಕೆ ಹೊರಬೇಕು. ಕಡೆಗೆ ಆಸರೆಯ ಮರಗಳನ್ನು ಹೊರಗಿನಿಂದ ಹಗ್ಗ ಹಾಕಿ ಕಿತ್ತಾಗ ಚಪ್ಪಡಿ ಒಮ್ಮೆ ಜಗ್ಗಿ ತನ್ನ ಜಾಗದಲ್ಲಿ ಕೂರುತ್ತದೆ. ಆ ಗಳಿಗೆಯಲ್ಲಿ ಒಳಗೆ ನರಪಿಳ್ಳೆಯೂ ಇರಬಾರದು. ಅದಕ್ಕೇ ಮಲ್ಲಭೋವಿ ಒಂದು ಕಟ್ಟಳೆ ಮಾಡಿದ. ಮುಂಜಾನೆ ಕೆಲಸಕ್ಕೆ ಬಂದವರು ಬಾಗಿಲ ಬಳಿಯ ಹಾಸುಗಲ್ಲಿನ ಮೇಲೆ ತಲೆಗೊಂದು ಬಿಳಿ ಬೆಣಚುಕಲ್ಲು ಇಡಬೇಕು, ಹೋಗುವಾಗ ತಮ್ಮ ಕಲ್ಲನ್ನು ತಾವೇ ಎತ್ತಿಕೊಳ್ಳಬೇಕು. ಹಾಸುಗಲ್ಲು ಬರಿದಾಗುವ ತನಕ ಒಂದು ಆಸರೆಯನ್ನೂ ಅಲುಗಿಸುವಂತಿಲ್ಲ.

ಊರಿನವರಿಗೆ ಇದು ಹಿಡಿಸಲಿಲ್ಲ. ಕೂಲಿಯವರಿಗೆ ಕಟ್ಟಳೆ ಸರಿ, ಪುಣ್ಯಕ್ಕೆ ದುಡಿಯುವವರಿಗೂ ಲೆಕ್ಕವೇ ಎಂದು ಗೊಣಗಿದರು. ಅವರಲ್ಲಿ ಮುದ್ದಪ್ಪ ಎಂಬವನಿಗಂತೂ ನಗು ಬರುತ್ತಿತ್ತು. ತಾಯಿ ಸತ್ತಾಗ ಅವನ ತಮ್ಮ ಈರಭದ್ರನಿಗೆ ಮೂರು ವರ್ಷ. ಅಂದಿನಿಂದ ಅವನ ಬುತ್ತಿ, ಅವನ ಹೊರೆ, ಅವನ ತಪ್ಪು ಎಲ್ಲವನ್ನೂ ಹೊತ್ತವನು ಮುದ್ದಪ್ಪ. ಮನೆಗೊಬ್ಬರು ಸಾಕಿದ್ದರೂ ಅಣ್ಣ ತಮ್ಮ ಇಬ್ಬರೂ ಕೆಲಸಕ್ಕೆ ಬರುತ್ತಿದ್ದರು. ಹೊತ್ತು ಇಳಿಯುತ್ತಲೇ ಈರಭದ್ರ ಎತ್ತುಗಳಿಗೆ ನೀರು ಕುಡಿಸಲು ಓಡುತ್ತಿದ್ದ. ಅವನ ಕಲ್ಲನ್ನೂ ಮುದ್ದಪ್ಪನೇ ಎತ್ತಿ ಸೊಂಟದ ಗಂಟಿಗೆ ಸೇರಿಸುತ್ತಿದ್ದ. ಒಮ್ಮೆ ಮಲ್ಲಭೋವಿ ಅದನ್ನು ಕಂಡು ಕೈ ಹಿಡಿದು ನಿಲ್ಲಿಸಿದ.

“ಅವನ ಕಲ್ಲು ಅವನ ಕೈಯಾಗ ಇರಬೇಕು ಮುದ್ದಪ್ಪಾ. ಅಣ್ಣ ತಮ್ಮಗ ಎತ್ತಂಗಿಲ್ಲ, ಗಂಡ ಹೆಂಡ್ತಿಗೆ ಎತ್ತಂಗಿಲ್ಲ.”

“ಅವನ ಹೊರೀನs ನಾ ಹೊತ್ತೀನಿ, ಕಲ್ಲೊಂದು ಭಾರ ಆಕ್ಕೈತೇನು?” ಎಂದು ಮುದ್ದಪ್ಪ ನಕ್ಕ. ಸುತ್ತ ಇದ್ದವರೂ ನಕ್ಕರು. ಮಲ್ಲಭೋವಿ ಒಬ್ಬನೇ ನಗಲಿಲ್ಲ.

ಕಡೆಯ ದಿನ ಸಂಜೆ ಒಳಗಿನ ಮಣ್ಣೆಲ್ಲ ತೆಗೆದಾಗಿತ್ತು. ಮುದ್ದಪ್ಪ ತಿರುಗಿ ನೋಡಿದಾಗ ತಮ್ಮ ಕಾಣಲಿಲ್ಲ. ಎಂದಿನಂತೆ ಎತ್ತುಗಳ ಕಡೆ ಹೋಗಿದ್ದಾನೆ ಎಂದುಕೊಂಡು ಎರಡೂ ಕಲ್ಲನ್ನು ಎತ್ತಿಕೊಂಡ. ಹಾಸುಗಲ್ಲು ಬರಿದಾಯಿತು. ಮಲ್ಲಭೋವಿ ಮೂರು ಸಲ ಕೂಗಿ ಕೇಳಿದ, ಮೂರು ಸಲವೂ ಎಲ್ಲರೂ ಬಂದಿದ್ದೇವೆ ಎಂದರು. ಅವರಲ್ಲಿ ಮುದ್ದಪ್ಪನ ದನಿಯೇ ಜೋರಾಗಿತ್ತು ಎನ್ನುತ್ತಾರೆ. ಈರಭದ್ರ ಆಗ ಈಶಾನ್ಯದ ಮೂಲೆಯಲ್ಲಿ, ಕಂಬದ ಮರೆಗೆ ಉಳಿದಿದ್ದ ಚೂರುಪಾರು ಮಣ್ಣನ್ನು ಬಗ್ಗಿ ಬಳಿಯುತ್ತಿದ್ದ. ಸಲಿಕೆಯ ಸದ್ದಿನಲ್ಲಿ ಅವನಿಗೆ ಕೂಗು ಕೇಳಲಿಲ್ಲವೋ ಏನೋ. ಆಸರೆ ಕಿತ್ತರು. ಎಲ್ಲ ಚಪ್ಪಡಿಗಳೂ ಕೂತವು, ಆ ಮೂಲೆಯದು ಮಾತ್ರ ಜಾರಿತು. ಧೂಳಿನ ಒಳಗಿನಿಂದ “ಅಣ್ಣಾ” ಎಂದು ಒಂದೇ ಒಂದು ಸಲ ಕೇಳಿಸಿತು.

ಈರಭದ್ರನನ್ನು ಮಣ್ಣು ಮಾಡಿ ಬಂದ ಮೇಲೆ ಮುದ್ದಪ್ಪ ಸೊಂಟದ ಗಂಟು ಬಿಚ್ಚಿ ತಮ್ಮನ ಕಲ್ಲನ್ನು ಹಾಸುಗಲ್ಲಿನ ಮೇಲೆ ಮೊದಲಿದ್ದ ಜಾಗದಲ್ಲೇ ಇಟ್ಟ. ತನ್ನ ಕಲ್ಲನ್ನು ಮತ್ತೆ ಗಂಟಿಗೇ ಕಟ್ಟಿಕೊಂಡ. ಅವನನ್ನು ಯಾರೂ ಬೈಯಲಿಲ್ಲ. ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತು. ನೋಡಲಾರದೆ ಯಾರೋ ಆ ಕಲ್ಲನ್ನು ಕೆರೆಗೆ ಎಸೆದರಂತೆ. ಬೆಳಗಾದರೆ ಅದು ಹಾಸುಗಲ್ಲಿನ ಮೇಲೇ ಇತ್ತು. ಮುದ್ದಪ್ಪನೇ ಮುಳುಗಿ ತಂದಿಟ್ಟ ಎನ್ನುವವರಿದ್ದಾರೆ. ಅವನಿಗೆ ಈಜು ಬರುತ್ತಿರಲಿಲ್ಲ ಎನ್ನುವವರೂ ಇದ್ದಾರೆ. ಸಂಜೆಯ ಹೊತ್ತು ಖಾಲಿ ಚಾವಡಿಯಿಂದ ಸಲಿಕೆ ಕೆರೆಯುವ ಸದ್ದು ಬರತೊಡಗಿತು. ಮುದ್ದಪ್ಪ ದಿನವೂ ಬಾಗಿಲಲ್ಲಿ ಬಂದು ಕೂರುತ್ತಿದ್ದ. ಇಲ್ಲೇನು ಕೂತೆ ಎಂದು ದಾರಿಹೋಕರು ಕೇಳಿದರೆ, ಒಬ್ಬ ಇನ್ನೂ ಬಂದಿಲ್ಲ ಎನ್ನುತ್ತಿದ್ದ. ಚಾವಡಿಗೆ ಹೆಸರು ಹತ್ತಿದ್ದು ಹಾಗೆ.

ಮೂವತ್ತು ಮಳೆಗಾಲ ಕಳೆದ ಮೇಲೆ ಮಾಳಿಗೆ ಸೋರಿ ದುರಸ್ತಿಗೆ ಬಂತು, ಮತ್ತೆ ಆಸರೆ ಕೊಟ್ಟು ಚಪ್ಪಡಿಗಳನ್ನು ಕೂರಿಸಬೇಕಾಯಿತು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ ಊರು ಈಗ ಮಲ್ಲಭೋವಿಯ ಕಟ್ಟಳೆಯನ್ನು ಬಾಯಿಪಾಠ ಮಾಡಿತ್ತು. ಆದರೂ ಬಾಯಿಗೆ ಬಂದದ್ದೆಲ್ಲ ಕೈಗೆ ಬರುವುದಿಲ್ಲ. ಕಡೆಯ ಸಂಜೆ ಎಲ್ಲ ಕಲ್ಲುಗಳನ್ನೂ ಎತ್ತಿದರು, ಈರಭದ್ರನದೊಂದು ಉಳಿಯಿತು. ಅದು ಇದ್ದದ್ದೇ, ಆಸರೆ ಕೀಳೋಣ ಎಂದರು. ಮುದುಕನಾಗಿದ್ದ ಮುದ್ದಪ್ಪ ಅಡ್ಡ ನಿಂತ.

“ಹಾಸುಗಲ್ಲು ಬರಿದಾಗಿಲ್ಲ. ಒಳಗ ಹೋಗಿ ನೋಡಿ ಬರ್ತೀನಿ, ಅಲ್ಲೀತನ ಯಾರೂ ಮರ ಮುಟ್ಟಬ್ಯಾಡ್ರಿ.”

ಸತ್ತವನನ್ನು ಹುಡುಕಲು ಹೊರಟ ಮುದುಕನನ್ನು ಕಂಡು ಕೆಲವರು ಮುಖ ತಿರುಗಿಸಿದರು. ಅವನು ಈಶಾನ್ಯದ ಮೂಲೆಗೆ ಹೋದ. ಅಲ್ಲಿ ಕಂಬಕ್ಕೆ ಒರಗಿ ಹುಲಿಗೆವ್ವ ಎಂಬ ಬಸುರಿ ಹೆಣ್ಣುಮಗಳು ಜ್ವರದಲ್ಲಿ ಮೈಮರೆತು ಮಲಗಿದ್ದಳು. ಆಕೆ ಆಗಲೇ ಮನೆಗೆ ಹೋಗಿದ್ದಾಳೆಂದು ತಿಳಿದು ಆಕೆಯ ಕಲ್ಲನ್ನು ಗಂಡ ಎತ್ತಿಕೊಂಡಿದ್ದ. ಮುದ್ದಪ್ಪ ಆಕೆಯನ್ನು ತೋಳು ಹಿಡಿದು ಹೊರಗೆ ಕರೆತಂದ. ಗಂಡ ಕಾಲಿಗೆ ಬಿದ್ದಾಗ, ನನ್ನ ಕಾಲಲ್ಲ, ನನ್ನನ್ನು ಕರೆದವನು ಒಳಗಿದ್ದಾನೆ ಎಂದ. ಆಮೇಲೆ ಬಾಗಿಲಿಗೆ ಮುಖ ಮಾಡಿ, “ಎಲ್ಲಾರೂ ಬಂದ್ರೋ ಈರಭದ್ರ. ನೀನೂ ಬಾರಪ್ಪಾ” ಎಂದು ಕರೆದ. ಒಳಗೆ ಮೂವತ್ತು ವರ್ಷ ಕೇಳುತ್ತಿದ್ದ ಸಲಿಕೆಯ ಸದ್ದು ನಿಂತಿತು. ಕಲ್ಲು ಮಾತ್ರ ಅಲುಗಲಿಲ್ಲ.

ಅದೇ ವರ್ಷ ಮುದ್ದಪ್ಪ ತೀರಿಕೊಂಡ. ಮೈ ತೊಳೆಯುವಾಗ ನೋಡಿದರೆ ಸೊಂಟದ ಗಂಟು ಹಾಗೆಯೇ ಇತ್ತು, ಒಳಗೆ ಕಲ್ಲು ಇರಲಿಲ್ಲ.

ಈಗಲೂ ಚಾವಡಿಯ ಕೆಲಸಕ್ಕೆ ಊರಿನವರು ಕೂಲಿಯಿಲ್ಲದೆಯೇ ಸೇರುತ್ತಾರೆ. ಇಂಜಿನಿಯರರು ಬಂದು ಅಚ್ಚು ಹಾಕಿದ ನಿಯಮ ಓದುತ್ತಾರೆ, ತಲೆಗೊಂದು ಟೋಪಿ ಕೊಡುತ್ತಾರೆ. ನಮ್ಮವರು ಟೋಪಿ ಹಾಕಿಕೊಂಡು, ಕಲ್ಲನ್ನೂ ಇಡುತ್ತಾರೆ. ಕೆಲಸ ಮುಗಿದು ತಮ್ಮ ತಮ್ಮ ಕಲ್ಲು ಎತ್ತಿಕೊಂಡ ಮೇಲೆ ಒಬ್ಬರು ಒಳಗೆ ಹೋಗಿ ಮೂಲೆಮೂಲೆ ನೋಡಿ ಬರುವ ತನಕ ಯಾರೂ ಕದಲುವುದಿಲ್ಲ. ನೋಡಲು ಬಂದವರಿಗೆ ಆಗ ಹಾಸುಗಲ್ಲಿನ ಮೇಲೆ ಬೆಣಚುಕಲ್ಲು ಒಂದಲ್ಲ, ಎರಡು ಕಾಣುತ್ತವೆ. ತಮ್ಮ ಹೊರಗೆ ಬರುವ ತನಕ ಅಣ್ಣನೂ ತನ್ನದನ್ನು ಎತ್ತಿಕೊಳ್ಳುವುದಿಲ್ಲ ಎನ್ನುತ್ತಾರೆ.