ಚೆಂಡುಹೂವಿನ ಕಾವಲು

ಚಿತ್ತಾ ಮಳೆ ಸುರಿದ ಮರುದಿನ ಬೆಳಿಗ್ಗೆ ಕಾರಿನೊಳಗಿನ ಮ್ಯಾಟು ತೊಯ್ದು ತೊಪ್ಪೆಯಾಗಿತ್ತು. "ನೀರನ್ನು ಒಳಗೆ ಬಿಟ್ಟವರು ಯಾರು?" ಎಂದು ಅದು ಕೇಳಿತು.

"ಬಾಗಿಲಿನ ರಬ್ಬರೇ ಇರಬೇಕು," ಎಂದಿತು ಕಿಟಕಿಯ ಗಾಜು.

"ಗಾಜೇ ಸರಿಯಾಗಿ ಮುಚ್ಚಿರಲಿಲ್ಲ," ಎಂದಿತು ರಬ್ಬರು.

ಅಲ್ಲಿಗೆ ಬಂದಿದ್ದ ಇರುವೆ, "ಜಗಳ ಆಮೇಲೆ ಆಡಿ. ಈ ಒದ್ದೆ ಎಲ್ಲಿಂದ ಶುರುವಾಗಿದೆಯೋ ನಾನು ನೋಡಿ ಬರುತ್ತೇನೆ," ಎಂದು ಹೊರಟಿತು. ಒದ್ದೆಯ ಜಾಡು ಅದನ್ನು ಮೇಲಕ್ಕೆ ಹತ್ತಿಸಿ, ಮುಂದಿನ ಗಾಜಿನ ಕೆಳಗಿನ ಕಾಲುವೆಗೆ ತಂದು ಬಿಟ್ಟಿತು. ಅಲ್ಲಿ ನೀರು ತುಂಬಿ ನಿಂತಿತ್ತು. ಕಾಲುವೆಯ ತೂತಿನಲ್ಲಿ ಒಂದು ಚೆಂಡುಹೂವು ಊದಿಕೊಂಡು ಕೂತಿತ್ತು.

"ಇಲ್ಲೇನಮ್ಮಾ ಮಾಡುತ್ತಿದ್ದೀಯ?"

"ಕಾವಲು. ಆಯುಧಪೂಜೆಯ ದಿನ, ಕಾರಿಗೆ ಯಾವ ಕೇಡೂ ತಟ್ಟದಿರಲಿ ಎಂದು ನನ್ನನ್ನು ಹಾರದಲ್ಲಿ ಹಾಕಿದರು. ಹಾರ ಹರಿದುಬಿದ್ದರೂ ನಾನು ಕೆಲಸ ಬಿಡಲಿಲ್ಲ. ರಾತ್ರಿಯೆಲ್ಲ ಒಂದು ಹನಿಯೂ ಈ ತೂತು ದಾಟಿಲ್ಲ!"

"ಆ ತೂತು ನೀರು ಹೊರಗೆ ಹೋಗುವ ದಾರಿ ಕಣಮ್ಮಾ. ನೀನು ತಡೆದದ್ದೆಲ್ಲ ಕಾರಿನೊಳಗೆ ಇಳಿದಿದೆ."

ಹೂವು, "ಹಾಗಾದರೆ ನಾನು ತಡೆಯಬೇಕಿದ್ದ ಕೇಡು ನಾನೇನಾ?" ಎಂದು ಕೇಳಿತು.

ಇರುವೆ ಅದರ ಎಸಳು ಹಿಡಿದು ಎಳೆಯಿತು. ಹೂವು ಹಟ ಮಾಡದೆ ಎದ್ದು ಬಂತು. ನಿಂತಿದ್ದ ನೀರೆಲ್ಲ ಗುಳುಗುಳು ಎಂದು ಹೊರಗೆ ಹೊರಟಿತು.