ಮುಖ ಮುಂದಾಗಿ ಹೊಕ್ಕ ಮಹಾರಾಜ

ಮಕ್ಕಳೇ, ಪಶ್ಚಿಮ ಆಫ್ರಿಕಾದ ನೈಜೀರಿಯಾ ದೇಶದಲ್ಲಿ ಒಂದು ಕಾಡಿದೆ. ಬಹಳ ಹಿಂದೆ ಅಲ್ಲಿ ಓಯೋ ಎಂಬ ರಾಜ್ಯದ ರಾಜಧಾನಿ ಇತ್ತು. ರಾಜರು ಹೋದರು, ಊರೂ ಹೋಯಿತು. ಉಳಿದದ್ದು ಕುಸಿದ ಮಣ್ಣಿನ ಗೋಡೆಗಳು, ಮಡಕೆಯ ಚೂರುಗಳು, ದೊಡ್ಡಹುಣಸೆ ಎಂದು ನಾವು ಕರೆಯುವ ಒಂದಷ್ಟು ಬಾವೊಬಾಬ್ ಮರಗಳು. ಈಗ ಅದು ರಾಷ್ಟ್ರೀಯ ಉದ್ಯಾನ. ಜಿಂಕೆ, ಕೋತಿಗಳು ಅರಸರ ಅಂಗಳದಲ್ಲೇ ಮೇಯುತ್ತವೆ, ಅಲ್ಲೇ ಹಿಕ್ಕೆಯನ್ನೂ ಹಾಕುತ್ತವೆ. ಕೇಳುವವರು ಯಾರೂ ಇಲ್ಲ.

ಆ ಕಾಡಿನಲ್ಲಿ ಅಬೆನಿ ಎಂಬ ಹಂದಿ ಇದ್ದಳು. ನಮ್ಮ ಬೀದಿಯ ಹಂದಿಯಂತಲ್ಲ. ಮುಖದ ತುಂಬ ಗಂಟು, ಬಾಯಿಯ ಎರಡೂ ಕಡೆ ಬಾಗಿದ ಕೋರೆ, ಓಡುವಾಗ ನೆಟ್ಟಗೆ ನಿಲ್ಲುವ ಬಾಲ. ಅವಳ ಗಂಡ ಅಕಾನ್‌ಬಿ. ಅವರಿಗೆ ನಾಲ್ಕು ಮರಿಗಳು.

ಈ ಹಂದಿಗಳು ಸ್ವಂತ ಮನೆ ಮಾಡಿಕೊಳ್ಳುವ ಗೋಜಿಗೆ ಹೋಗುವುದಿಲ್ಲ. ಗೆದ್ದಲು ತಿನ್ನುವ ಆರ್ಡ್‌ವಾರ್ಕ್ ಎಂಬ ಪ್ರಾಣಿ ಕಷ್ಟಪಟ್ಟು ಬಿಲ ತೋಡಿ ಬಿಟ್ಟು ಹೋಗುತ್ತದೆ. ಇವು ಹೊಕ್ಕು ನಮ್ಮದೇ ಎನ್ನುತ್ತವೆ. ಆದರೆ ಒಂದು ಪದ್ಧತಿಯನ್ನು ಮಾತ್ರ ತಪ್ಪಿಸುವುದಿಲ್ಲ. ಸಂಜೆ ಮರಿಗಳು ಮೊದಲು ಒಳಗೆ ಹೋಗುತ್ತವೆ. ಕೊನೆಗೆ ಬರುವ ದೊಡ್ಡ ಹಂದಿ ತಿರುಗಿ ನಿಂತು, ಕುಂಡೆಯನ್ನು ಮೊದಲು ತೂರಿಸಿ, ಹಿಂದೆ ಹಿಂದೆ ಸರಿಯುತ್ತ ಒಳಸೇರುತ್ತದೆ. ಆಗ ಕೋರೆಗಳು ಬಾಗಿಲಲ್ಲಿ ಇರುತ್ತವೆ. ಕತ್ತೆಕಿರುಬ ಇಣುಕಿದರೆ ಅದರ ಮೂಗಿಗೇ ಸತ್ಕಾರ.

ಹೋದ ವರ್ಷ ಅಬೆನಿಯ ಎರಡು ಮರಿಗಳನ್ನು ಕತ್ತೆಕಿರುಬ ಬಯಲಿನಲ್ಲಿ ಹಿಡಿದು ಹೊತ್ತೊಯ್ದಿತ್ತು. ಆ ಸಂಕಟ ಅವಳ ಎದೆಯಿಂದ ಇನ್ನೂ ಇಳಿದಿರಲಿಲ್ಲ. ಈ ನಾಲ್ಕನ್ನಾದರೂ ಉಳಿಸಿಕೊಳ್ಳಬೇಕು ಎನ್ನುವುದೊಂದೇ ಅವಳ ಆಸೆ. ಅಕಾನ್‌ಬಿಯ ಆಸೆಗಳು ಸ್ವಲ್ಪ ದೊಡ್ಡವು.

ಒಂದು ದಿನ ಪ್ರವಾಸಿಗರ ಗುಂಪು ಬಂತು. "ಇಲ್ಲೇ ನೋಡಿ, ರಾಜರು ಇದ್ದದ್ದು" ಎಂದು ಗೈಡ್ ಗೋಡೆಯ ಕಡೆ ಕೈ ತೋರಿಸಿದ. ಅದೇ ಹೊತ್ತಿಗೆ ಗೋಡೆಯ ಹಿಂದೆ ಗೆಡ್ಡೆ ಕೆದಕುತ್ತಿದ್ದ ಅಕಾನ್‌ಬಿ ಈಚೆ ಬಂದ. ಎಲ್ಲರೂ ಕ್ಯಾಮೆರಾ ಎತ್ತಿದರು. ಅಕಾನ್‌ಬಿ ಹಿಂದೆ ತಿರುಗಿ ನೋಡಿದ. ಅಲ್ಲಿ ಬೇರೆ ಯಾರೂ ಇರಲಿಲ್ಲ. ಇನ್ನೇನು ಬೇಕು? ತಲೆಗೇರಿತು.

"ಅಬೆನಿ, ನಾನು ಯಾರು ಗೊತ್ತೇನೇ?"

"ಗೊತ್ತು. ಬೆಳಿಗ್ಗೆ ನನ್ನ ಪಾಲಿನ ಗೆಡ್ಡೆ ತಿಂದೋರು."

"ನಾನು ಓಯೋ ಅರಸರ ವಂಶದವನು ಕಣೇ. ಇವತ್ತು ಜನ ಬಂದು ದರ್ಶನ ಮಾಡ್ಕೊಂಡು ಹೋದ್ರು."

"ಹೌದಾ? ಅವರಿಗೂ ಮುಖದ ತುಂಬ ಗಂಟು ಇತ್ತಾ?"

"ಯಾರಿಗೆ?"

"ನಿಮ್ಮ ವಂಶದ ಅರಸರಿಗೆ ರೀ."

ಅಕಾನ್‌ಬಿ ಈ ಪ್ರಶ್ನೆಯನ್ನು ರಾಜಗಾಂಭೀರ್ಯದಿಂದ ಕಡೆಗಣಿಸಿದ. ದೂರದಲ್ಲಿ ಪಕ್ಕದ ಬಿಲದ ಹಂದಿಗಳು ಮುಂಗಾಲು ಮಡಿಸಿ, ಮಂಡಿಯೂರಿ ಹುಲ್ಲು ತಿನ್ನುತ್ತಿದ್ದವು. ಈ ಜಾತಿಯ ಹಂದಿಗಳು ಮೇಯುವುದೇ ಹಾಗೆ.

"ನೋಡು, ಪ್ರಜೆಗಳು ಮಂಡಿಯೂರಿದ್ದಾರೆ" ಎಂದ.

"ಮೇಯ್ತಾ ಇದ್ದಾರ್ರೀ. ನೀವೂ ಹಾಗೇ ತಾನೇ ಮೇಯೋದು?"

"ನಾನು ಮಂಡಿಯೂರಿದ್ರೆ ಅದು ಊಟ. ಅವರು ಮಂಡಿಯೂರಿದ್ರೆ ಅದು ಮರ್ಯಾದೆ!"

ಇಂಥ ಬುದ್ಧಿವಂತಿಕೆಗೆ ಯಾರು ಏನು ಹೇಳಿಯಾರು? ಮರುದಿನವೇ ಸಂಸಾರ ಬಿಲ ಬಿಟ್ಟು ಅರಮನೆಗೆ ಹೊರಟಿತು. ಅರಮನೆ ಅಂದರೆ ಕುಸಿದ ಗೋಡೆಯ ಬುಡದ ಒಂದು ಪೊಟರೆ. ಬಾಯಿ ಕಿರಿದು, ಒಳಗೆ ಒಂದಿಷ್ಟು ಜಾಗ, ಜಾಗದ ತುಂಬ ಬಾವಲಿಯ ವಾಸನೆ.

"ಪುರಾತನ ಪರಿಮಳ!" ಎಂದು ಅಕಾನ್‌ಬಿ ಉಸಿರೆಳೆದುಕೊಂಡ. ಮರಿಗಳು ಸಾಲಾಗಿ ಸೀನಿದವು.

ಸಂಜೆಯಾಯಿತು. ಒಳಹೋಗುವ ಮೊದಲು ಅಪ್ಪಣೆ ಹೊರಟಿತು. "ಇನ್ನು ಮೇಲೆ ಈ ಮನೆಗೆ ಯಾರೂ ಕುಂಡೆ ತೋರಿಸಿಕೊಂಡು ಹೋಗಬಾರದು. ಅರಮನೆಗೆ ಅದು ಅವಮಾನ. ನಾನೂ ಅಷ್ಟೇ, ಮುಖ ಮುಂದೆ ಮಾಡಿ, ತಲೆಯೆತ್ತಿ ಹೋಗುತ್ತೇನೆ."

ಅಬೆನಿ ಮರಿಗಳ ಕಡೆ ನೋಡಿದಳು. "ರೀ, ಬಾಗಿಲು ಕಾಯೋರು ಯಾರು?"

"ಅರಮನೆಗೆ ದ್ವಾರಪಾಲಕರು ಇರುತ್ತಾರೆ."

"ಎಲ್ಲಿದ್ದಾರೆ?"

"ನೇಮಿಸಬೇಕು. ರಾಜ್ಯಭಾರ ಅಂದ್ರೆ ಒಂದೇ ದಿನದಲ್ಲಿ ಆಗುತ್ತಾ?"

"ಮಕ್ಕಳಿದ್ದಾವೆ ರೀ. ಹೋದ ವರ್ಷ ಆದದ್ದು ಮರೆತುಬಿಟ್ರಾ?"

"ಅದು ಬಡತನದ ಕಾಲದ ಮಾತು."

ಅಬೆನಿಗೆ ಅಳು ಬಂತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ಮರಿಗಳನ್ನು ಒಳಗೆ ತಳ್ಳಿ, ತಾನೂ ಹೊಕ್ಕಳು. ಒಳಗೆ ಜಾಗವಿತ್ತಲ್ಲ, ಗಂಡನ ಅಪ್ಪಣೆಯನ್ನು ಅಲ್ಲೇ ಬಿಟ್ಟು ಬಾಗಿಲ ಕಡೆಗೆ ತಿರುಗಿ ನಿಂತಳು.

ಕೊನೆಗೆ ಮಹಾರಾಜರ ಸವಾರಿ. ಬಾಲ ನೆಟ್ಟಗೆ ಮಾಡಿ, ತಲೆ ಮುಂದೆ ಮಾಡಿ, ಅರ್ಧ ಒಳಗೆ ಬಂದ ಅಕಾನ್‌ಬಿ ಅಲ್ಲೇ ನಿಂತ. ಗೃಹಪ್ರವೇಶದ ಭಾಷಣ ಬಾಕಿ ಇತ್ತು.

"ನನ್ನ ಪ್ರೀತಿಯ ಪ್ರಜೆಗಳೇ..."

ಹೊರಗೆ ಕತ್ತೆಕಿರುಬ ಹಾದು ಹೋಗುತ್ತಿತ್ತು. ಇಷ್ಟು ವರ್ಷ ಅದು ಯಾವ ಬಿಲಕ್ಕೆ ಇಣುಕಿದರೂ ಎದುರಾಗುತ್ತಿದ್ದದ್ದು ಕೋರೆ. ಇವತ್ತು ಗೋಡೆಯಿಂದ ಒಂದು ದುಂಡನೆಯ ಕುಂಡೆ ಹೊರಚಾಚಿತ್ತು, ಮೇಲೊಂದು ಬಾಲ ಬೇರೆ. ಅದಕ್ಕೆ ತನ್ನ ಕಣ್ಣನ್ನೇ ನಂಬಲಾಗಲಿಲ್ಲ. ಪಾಪ, ಒಂದು ಕ್ಷಣ ಸಂಕೋಚಪಟ್ಟಿತು. ಆಮೇಲೆ ಬಾಯಿ ಹಾಕಿತು.

ಭಾಷಣ ಅಲ್ಲಿಗೆ ಮುಗಿಯಿತು.

"ಅಯ್ಯೋ! ಅಬೆನಿ! ಎಳೀತಾ ಇದೆ ಕಣೇ!"

ಅಬೆನಿ ನುಗ್ಗಬೇಕೆಂದರೆ ಎದುರಿಗೆ ಗಂಡನ ತಲೆಯೇ ಬೆಣೆಯಂತೆ ಸಿಕ್ಕಿಕೊಂಡಿತ್ತು. ಕೋರೆ ಇದ್ದದ್ದು ಒಳಗೆ, ಶತ್ರು ಇದ್ದದ್ದು ಹೊರಗೆ. ಮರಿಗಳು ಅವಳ ಹೊಟ್ಟೆಯ ಕೆಳಗೆ ನುಸುಳಿಕೊಂಡಿದ್ದವು. ಗಂಡನನ್ನು ತಿಂದ ಮೇಲೆ ಅದು ಒಳಗೇ ಬರುತ್ತದೆ ಎಂದು ಅವಳಿಗೆ ಗೊತ್ತಿತ್ತು. ಕತ್ತೆಕಿರುಬ ಇನ್ನೊಮ್ಮೆ ಜಗ್ಗಿತು. ಅಕಾನ್‌ಬಿ ಬಿರಡೆ ಕಿತ್ತಂತೆ ಹೊರಗೆ ಬಿದ್ದ. ಬಾಗಿಲು ತೆರೆದದ್ದೇ ತಡ, ಅಬೆನಿ ಕವಣೆಯ ಕಲ್ಲಿನಂತೆ ನುಗ್ಗಿ ಕತ್ತೆಕಿರುಬದ ಪಕ್ಕೆಗೆ ಕೋರೆ ಹಾಕಿದಳು. ಅದು ಊಳಿಟ್ಟುಕೊಂಡು ಓಡಿತು. ಬಾಯಲ್ಲಿ ಮಹಾರಾಜರ ಬಾಲ ಇತ್ತು.

ಅಕಾನ್‌ಬಿ ಮೆಲ್ಲಗೆ ಎದ್ದು ಮೈ ಕೊಡವಿಕೊಂಡ. "ಒಟ್ಟಿನಲ್ಲಿ ಗೆಲುವು ನಮ್ಮದೇ" ಎಂದ.

ಅಬೆನಿ ಒಳಗೆ ಹೋಗಿ ನಾಲ್ಕೂ ಮರಿಗಳನ್ನು ಮೂಸಿ ನೋಡಿದಳು. ನಾಲ್ಕೂ ಇದ್ದವು. ಅವಳಿಗೆ ಉಸಿರು ಬಂತು. ಅವುಗಳನ್ನು ಮುಂದೆ ಬಿಟ್ಟುಕೊಂಡು ಹಳೆಯ ಬಿಲದ ದಾರಿ ಹಿಡಿದಳು. ಮಹಾರಾಜರು ಕುಂಟುತ್ತ ಹಿಂಬಾಲಿಸಿದರು.

ಬಿಲದ ಬಾಯಲ್ಲಿ ಮರಿಗಳು ಒಂದೊಂದಾಗಿ ಒಳಗೆ ಹೋದವು. ಅಕಾನ್‌ಬಿ ಬಹಳ ವಿನಯದಿಂದ ತಿರುಗಿ ನಿಂತು, ಹಿಂದಕ್ಕೆ ಸರಿಯತೊಡಗಿದ. ಅಬೆನಿ ಅಡ್ಡ ನಿಂತಳು.

"ಆ ಕೆಲಸ ಇನ್ನು ನನ್ನದು. ನೀವು ಮುಖ ಮುಂದೆ ಮಾಡ್ಕೊಂಡೇ ಹೋಗಿ, ನಿಮ್ಮಿಷ್ಟದ ಹಾಗೇ. ಮಕ್ಕಳ ಜೊತೆ."

ಅಕಾನ್‌ಬಿ ತಲೆತಗ್ಗಿಸಿ ಒಳಗೆ ಹೋದ. "ಅಪ್ಪಾ, ಸ್ವಲ್ಪ ಆ ಕಡೆ ಸರಿ" ಎಂದಿತು ಕಿರಿಯ ಮರಿ.

ನೀತಿ: ಇಲ್ಲದ ದೊಡ್ಡಸ್ತಿಕೆಗಾಗಿ ತನ್ನವರನ್ನು ಕಾಯುವ ಕೆಲಸ ಬಿಟ್ಟವನಿಗೆ, ಆ ಕೆಲಸ ಮತ್ತೆ ಸಿಗುವುದಿಲ್ಲ.