ಗೂಟದಲ್ಲಿದ್ದ ಕತ್ತೆಯ ಮೆರವಣಿಗೆ

ಯೇಸುವನ್ನು ಹೊತ್ತು ಜೆರುಸಲೇಮಿನಲ್ಲಿ ಮೆರೆದ ಕತ್ತೆಮರಿಯ ತಾಯಿಗೆ ಒಂದೇ ಕೊರಗು: ಆ ದಿನ ಅವಳು ಹಳ್ಳಿಯಲ್ಲೇ ಗೂಟಕ್ಕೆ ಕಟ್ಟಿಸಿಕೊಂಡು ನಿಂತಿದ್ದಳು. ಮಗನ ಮೂತಿಯೂ ನರೆತ ಮೇಲೆ, ಯೇಸುವಿನ ಚರಿತೆಯಾದ ಸುವಾರ್ತೆಯನ್ನು ಬರೆಯುತ್ತಿದ್ದ ಲೇಖನಿ ತಾನು ಬರೆದದ್ದನ್ನು ಅವರಿಗೆ ಓದಿ ಹೇಳಿತು: ಸ್ವಾಮಿಯ ಸವಾರಿಗೆ ಒಂದು ಕತ್ತೆಯನ್ನೂ ಅದರ ಮರಿಯನ್ನೂ ತಂದರು.

ತಾಯಿಯ ಕಿವಿ ನೆಟ್ಟಗಾಯಿತು.

“ತಪ್ಪಾಗಿದೆ, ಲೇಖನಿಯವರೇ,” ಎಂದ ಮಗ. “ಹೋದವನು ನಾನೊಬ್ಬನೇ. ಅಮ್ಮ ಗೂಟದಲ್ಲಿದ್ದಳು.”

ಲೇಖನಿ ಪಕ್ಕದಲ್ಲಿದ್ದ ಹಳೆಯ ಹೀಬ್ರೂ ಗ್ರಂಥದ ಸುರುಳಿಯತ್ತ ತಿರುಗಿತು. “ಅರಸ ಕತ್ತೆಯನ್ನೇರಿ ಬರುತ್ತಾನೆ, ಕತ್ತೆಯ ಮರಿಯನ್ನೇರಿ ಬರುತ್ತಾನೆ ಅಂತ ನಿಮ್ಮ ಪ್ರವಾದಿ ಹಾಡಿದ್ದಾರಲ್ಲ. ಅದಕ್ಕೇ ಎರಡನ್ನೂ ಬರೆದೆ.”

ಸುರುಳಿ ನಕ್ಕಿತು. “ನಮ್ಮವರು ಹಾಡುವಾಗ ಒಂದೇ ಮಾತನ್ನು ಎರಡು ಸಲ ಹೇಳುತ್ತಾರಪ್ಪ. ಕತ್ತೆ ಒಂದೇ.”

ಲೇಖನಿ ನಾಚಿಕೊಂಡು, ಬರಹದಿಂದ ತಾಯಿಗತ್ತೆಯನ್ನು ಹೊಡೆದುಹಾಕಲು ತುದಿಯನ್ನು ಮಸಿಯಲ್ಲಿ ಅದ್ದಿಕೊಂಡಿತು.

“ತಡೆಯಿರಿ,” ಎಂದಳು ತಾಯಿ. “ಯಾರೂ ಬಿಚ್ಚದ ಹಗ್ಗವನ್ನು ಆ ಹಳೆಯ ಹಾಡು ಬಿಚ್ಚಿದೆ. ನನ್ನನ್ನು ಮತ್ತೆ ಕಟ್ಟಬೇಡಿ.”

ಲೇಖನಿ ಸುರುಳಿಯ ಮುಖ ನೋಡಿತು. ಸುರುಳಿ ತಲೆಯಾಡಿಸಿತು. ಲೇಖನಿ ಮಸಿ ಒರೆಸಿಕೊಂಡಿತು.

ತಾಯಿ ಮಗನನ್ನು ಮೆಲ್ಲಗೆ ಒತ್ತರಿಸಿದಳು. “ಸ್ವಲ್ಪ ಸರಿದು ನಡೆಯೋ. ಇನ್ನು ಮೇಲೆ ದಾರಿ ಇಬ್ಬರಿಗೂ ಬೇಕು.”